ಲಿಫ್ಟಿನಲ್ಲಿ ಹಾಕಿದ ಸಮುದ್ರದ ಪ್ಲಾನು

ಆ ಆಸ್ಪತ್ರೆಯ ಹಳೇ ಲಿಫ್ಟು ಕೆಳಗಿನಿಂದ ನಾಲ್ಕನೇ ಮಹಡಿ ಮುಟ್ಟಲು ನಲವತ್ತು ಸೆಕೆಂಡು ತಗೊಳ್ಳುತ್ತಿತ್ತು. ಅಷ್ಟರಲ್ಲಿ ಜನ ಏನೇನು ಮಾಡಿದ್ದಾರೆ ಗೊತ್ತೇ? ಒಬ್ಬನಂತೂ ತನ್ನ ಭಾವನ ಜೊತೆ ಜಗಳ ಶುರುಮಾಡಿ, ರಾಜಿಯಾಗಿ, ಬಾಗಿಲು ತೆರೆಯುವಷ್ಟರಲ್ಲಿ ಮತ್ತೆ ಮಾತು ಬಿಟ್ಟಿದ್ದನಂತೆ. ಆದರೆ ಅಷ್ಟೇ ಹೊತ್ತನ್ನು ಹಿಡಿದುಕೊಂಡು ಮೂರು ವರ್ಷ ಪ್ರೀತಿ ಮಾಡಿದವರು ಇಬ್ಬರೇ.

ಒಬ್ಬಳು ಲಾಂಡ್ರಿಯವಳು. ನೆಲಮಾಳಿಗೆಯಲ್ಲಿ ದಿನಕ್ಕೆ ಇನ್ನೂರು ಬೆಡ್‌ಶೀಟು ಇಸ್ತ್ರಿ ಮಾಡಿ, ಮಡಿಸಿ, ತಳ್ಳುಬಂಡಿಯಲ್ಲಿ ವಾರ್ಡುಗಳಿಗೆ ಒಯ್ಯುವವಳು. ಅವಳ ವಯಸ್ಸು ಮೂವತ್ತೆಂಟು. ಸಂಜೆಯಾದರೆ ಅವಳ ಸೊಂಟದ ವಯಸ್ಸು ಎಪ್ಪತ್ತು. ಇನ್ನೊಬ್ಬ ಲಿಫ್ಟಿನವನು. ಬೆಳಗಿನಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿ ಒತ್ತಿ, ಮೇಲೆ ಕೆಳಗೆ ಬಿಟ್ಟು ಲೋಕದಲ್ಲಿ ಬೇರೆ ದಿಕ್ಕುಗಳಿವೆ ಎಂಬುದನ್ನೇ ಮರೆತವನು.

ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವನು ಲಿಫ್ಟಣ್ಣ. ಅವಳೊಬ್ಬಳು ಮಾತ್ರ ಮರೆತೂ ಅಣ್ಣ ಅಂದವಳಲ್ಲ. "ಏನ್ರೀ, ನಾಲ್ಕಕ್ಕೆ" ಅನ್ನುವಳು. ಆ 'ಏನ್ರೀ'ಗೆ ಅವನ ಕಿವಿ ಕೆಂಪಾಗುವುದನ್ನು ಲಿಫ್ಟಿನ ಸ್ಟೀಲ್ ಗೋಡೆಯಲ್ಲಿ ಕದ್ದು ನೋಡುವಳು. ಅವನೂ ಅದೇ ಗೋಡೆಯಲ್ಲಿ ಅವಳನ್ನು ಹುಡುಕುತ್ತಿರುವನು. ಕಣ್ಣಿಗೆ ಕಣ್ಣು ಸಿಕ್ಕಿತೋ, ಎರಡನೇ ಮಹಡಿ ಯಾವಾಗ ಬಂತು, ಯಾವಾಗ ಹೋಯಿತು, ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಸಮುದ್ರದ ಮಾತು ತೆಗೆದವನು ಅವನೇ.

"ನೀವು ಸಮುದ್ರ ನೋಡಿದೀರಾ?"

"ಎಲ್ಲಿ ನೋಡ್ಲಿ? ನನಗೆ ಕನ್ನಡಿ ನೋಡ್ಕೊಳ್ಳೋಕೇ ಪುರುಸೊತ್ತಿಲ್ಲ."

"ಟ್ರೇನಲ್ಲಿ ಮೂರೇ ಗಂಟೆ. ಬೆಳಿಗ್ಗೆ ಹೋಗಿ ಸಂಜೆಗೆ ಬಂದ್ಬಿಡಬಹುದು."

ಬಾಗಿಲು ತೆರೆಯಿತು. ಉತ್ತರಕ್ಕೆ ಅವನು, ಅವಳು ಖಾಲಿ ಬಂಡಿ ತಳ್ಳಿಕೊಂಡು ಬರುವವರೆಗೆ ಕಾಯಬೇಕಾಯಿತು.

"ಒಬ್ಳೇ ಹೋಗ್ಬೇಕಾ?" ಎಂದಳು, ಬಂಡಿಯ ಚಕ್ರ ನೋಡುತ್ತಾ.

"ಯಾಕೆ, ನಾನೇನು ಸತ್ತಿದೀನಾ?"

ಹೀಗೆ ಪ್ಲಾನು ಶುರುವಾಯಿತು. ಹೋಗುವ ಟ್ರೇನು ಆರು ಹತ್ತಕ್ಕೆ ಎಂಬುದು ಒಂದು ಸೋಮವಾರ ಏರುವಾಗ ತೀರ್ಮಾನವಾದರೆ, ಪ್ಲಾಟ್‌ಫಾರ್ಮ್ ಯಾವುದು ಎಂಬುದು ಬುಧವಾರ ಇಳಿಯುವಾಗ. ಲಿಫ್ಟಿನಲ್ಲಿ ಗುಟ್ಟು ಉಳಿಯುತ್ತದೆಯೇ? ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವನು "ಎಡಗಡೆ ಕಿಟಕಿ ಹಿಡೀರಿ, ಬಿಸಿಲು ಬೀಳಲ್ಲ" ಅಂದ. ಹೆಡ್ ನರ್ಸು "ಬದಲಿ ಬಟ್ಟೆ ಮರೀಬೇಡ ಕಣೇ" ಅಂದಳು. ಆಪರೇಶನ್ನಿಗೆ ಹೊರಟಿದ್ದ ಮುದುಕರೊಬ್ಬರು ಸ್ಟ್ರೆಚರಿನ ಮೇಲೆ ಎದ್ದೇ ಕೂತರು: "ಮಧ್ಯಾಹ್ನ ಮರಳು ಕಾದ ಹೆಂಚು ಕಣ್ರಯ್ಯಾ! ನೀರಿಗೆ ಇಳಿಯೋದು ಬೆಳಿಗ್ಗೆ ಅಂತ ಇವರ ಹತ್ರ ಮಾತು ತಗೊಳ್ಳಿ. ಆಮೇಲೆ ನನ್ನ ಹೊಟ್ಟೆ ಕೊಯ್ಯಿರಿ."

ಎಲ್ಲವೂ ನಿಕ್ಕಿ. ಭಾನುವಾರವೊಂದೇ ಇಲ್ಲ. ಅವಳಿಗೆ ರಜೆಯಿದ್ದರೆ ಅವನಿಗೆ ಡ್ಯೂಟಿ, ಅವನಿಗೆ ರಜೆಯಿದ್ದರೆ ಅವಳ ಮುಂದೆ ಬೆಟ್ಟದಷ್ಟು ಬೆಡ್‌ಶೀಟು. ಮೂರು ವರ್ಷ ಸವೆಯಿತು. ಅವಳ ಅಮ್ಮನಿಗೂ ಕೇಳಿ ಕೇಳಿ ಸಾಕಾಯಿತು.

"ನೀನು ಸಮುದ್ರ ನೋಡೋಕೆ ಹೋಗ್ತೀಯೋ, ಅವನನ್ನ ನೋಡೋಕೆ ಹೋಗ್ತೀಯೋ?"

"ಅಮ್ಮ, ನಿದ್ದೆ ಬರ್ತಿದೆ."

"ಅವನೇನಾದ್ರೂ ಬಾಯಿ ಬಿಟ್ಟನೇನೇ?"

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಪ್ಲಾಟ್‌ಫಾರ್ಮ್ ನಂಬರು ಹೇಳಿದ್ದಾನೆ, ಸೀಟು ಹೇಳಿದ್ದಾನೆ, ನೀರಿನ ಬಾಟಲಿ ಎಷ್ಟು ಬೇಕು ಅಂತಲೂ ಹೇಳಿದ್ದಾನೆ. ಹೇಳಬೇಕಾದ್ದೊಂದನ್ನು ಬಿಟ್ಟು.

ಆ ತಿಂಗಳ ಕೊನೆಯ ವಾರ ಅವನು ಗುಂಡಿ ಒತ್ತದೆ ಸುಮ್ಮನೆ ಕೂತಿದ್ದ.

"ಒಂದನೇ ತಾರೀಖಿಂದ ಹೊಸ ಲಿಫ್ಟಂತೆ. ಯಾರೂ ಬೇಡ, ತಾನೇ ಹೋಗತ್ತೆ, ತಾನೇ ಬರತ್ತೆ. ನನ್ನನ್ನ ಊರ ಆ ತುದಿ ಕಟ್ಟಡಕ್ಕೆ ಹಾಕಿದಾರೆ."

ಅವಳಿಗೆ ಬಂಡಿ ಒಮ್ಮೆಲೇ ಕಲ್ಲು ತುಂಬಿದಂತೆ ಭಾರವಾಯಿತು. ಇನ್ನು ಈ ನಲವತ್ತು ಸೆಕೆಂಡೂ ಇಲ್ಲ. ಇರುವುದು ಒಂದೇ ಭಾನುವಾರ. ಅಂದು ಅವನು ಬಾಯಿ ಬಿಟ್ಟರೆ ಬಿಟ್ಟ, ಇಲ್ಲದಿದ್ದರೆ ಮುಗಿಯಿತು.

"ಏನಾದ್ರೂ ಆಗ್ಲಿ, ಈ ಭಾನುವಾರ ಹೋಗ್ತೀವಿ" ಅಂದಳು.

ರಜೆ ಗಿಟ್ಟಿಸಲು ಅವಳು ಶನಿವಾರ ಎರಡು ಪಾಳಿ ಒಟ್ಟಿಗೆ ಮಾಡಿದಳು. ಅವನಿಗೆ ಹೇಳಲಿಲ್ಲ, ಹೇಳಿದರೆ ಬೇಡ ಅನ್ನುತ್ತಾನೆ. ಅತ್ತ ಅವನೂ ಎರಡು ಪಾಳಿ ಮಾಡಿದ. ಅವಳಿಗೆ ಹೇಳಲಿಲ್ಲ, ಹೇಳಿದರೆ ಬೈಯುತ್ತಾಳೆ. ಹೀಗಾಗಿ ಆರು ಹತ್ತರ ಟ್ರೇನಿಗೆ ಬಂದವರನ್ನು ಮನುಷ್ಯರು ಅನ್ನುವ ಹಾಗಿರಲಿಲ್ಲ. ನಾಲ್ಕು ಕೆಂಪು ಕಣ್ಣು, ಎರಡು ಆಕಳಿಕೆ, ಒಂದು ಚೀಲ.

"ಚೆನ್ನಾಗಿ ಕಾಣ್ತಿದೀರಿ" ಅಂದ ಅವನು.

"ಸುಳ್ಳು ಹೇಳೋಕೂ ಕಣ್ಣು ಬಿಟ್ಟಿರಬೇಕು ಕಣ್ರೀ."

ಎಡಗಡೆ ಕಿಟಕಿ ಸಿಕ್ಕಿತು. ಇವತ್ತು ಹೇಳುತ್ತಾನೆ ಎಂದುಕೊಂಡು ಅವಳು ಅವನ ಬಾಯಿಯನ್ನೇ ನೋಡುತ್ತಾ ಕೂತಳು. ಅದು ತೆರೆಯಿತು. ಆಕಳಿಸಿ ಮುಚ್ಚಿತು. ಮೊದಲ ಸ್ಟೇಷನ್ ದಾಟಿದ್ದು ಅವಳಿಗೆ ನೆನಪಿದೆ. ಎರಡನೆಯದು ಬಂದದ್ದು ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ನೆತ್ತಿಗೇರಿತ್ತು. ಕೆನ್ನೆಯ ಕೆಳಗೆ ಅವನ ಭುಜ. ಅಂಗಿಯ ಗೆರೆ ಕೆನ್ನೆಯ ಮೇಲೆ ಅಚ್ಚೊತ್ತಿತ್ತು. ಅವಳು ಗಡಬಡಿಸಿ ಎದ್ದು ಕೂತಳು.

"ಬಂತಾ ಸಮುದ್ರ?"

ಅವನು ಹೊರಗೆ ಬೆರಳು ತೋರಿಸಿದ. ಕಿಟಕಿಯಾಚೆ ನೀರಿನ ಟ್ಯಾಂಕು. ಅದರ ಪಕ್ಕ ಅವಳು ದಿನಾ ಬಸ್ಸಿಳಿಯುವ ಮೇಲ್ಸೇತುವೆ.

"ಇದು ನಮ್ಮ ಸ್ಟೇಷನ್ನೇ ಅಲ್ವಾ! ಟ್ರೇನು ಹೊರಡಲೇ ಇಲ್ವಾ?"

"ಹೊರಡ್ತು. ಹೋಗಿ, ಅಲ್ಲಿ ಅರ್ಧ ಗಂಟೆ ನಿಂತು, ವಾಪಸ್ ಬಂತು."

"ನೀವೂ ಮಲಗಿಬಿಟ್ಟಿದ್ರಾ?"

"ಹೋಗುವಾಗ ಮಲಗಿದ್ದೆ. ಕೊನೇ ಸ್ಟಾಪಲ್ಲಿ ಗಾಡಿ ನಿಂತ್ರೆ ನನಗೆ ಎಚ್ಚರ ಆಗತ್ತೆ, ಲಿಫ್ಟಿನ ಅಭ್ಯಾಸ. ಅಲ್ಲಿ ಎಲ್ಲ ಇಳಿದ್ರು. ಎರಡು ಗೋಡೆ ಮಧ್ಯೆ ಗೇಣಷ್ಟು ಸಮುದ್ರ ಕಂಡಿತು. ನೀಲಿಗಿತ್ತು."

"ಮತ್ತೆ ಎಬ್ಬಿಸೋಕೆ ಏನಾಗಿತ್ರೀ ನಿಮಗೆ ಧಾಡಿ?" ಅವಳು ಪೂರ್ತಿ ಅವನ ಕಡೆ ತಿರುಗಿದಳು. "ಮೂರು ವರ್ಷ! ಊರಿಗೆಲ್ಲ ಹೇಳ್ಕೊಂಡು ಮೂರು ವರ್ಷ ಪ್ಲಾನ್ ಮಾಡಿದೀವಿ!"

"ಎಬ್ಬಿಸೋಕೆ ಅಂತ ಕೈ ಎತ್ತಿದೆ. ಎರಡು ಸಲ." ಅವನು ತನ್ನ ಕೈಯನ್ನೇ ನೋಡಿಕೊಂಡ. "ಮೂರು ವರ್ಷದಿಂದ ನೀವು ನಿಂತಿದ್ದನ್ನೇ ನೋಡಿದೀನಿ. ಬಂಡಿ ಹಿಡ್ಕೊಂಡು, ಸೊಂಟ ಹಿಡ್ಕೊಂಡು, ಗೋಡೆಗೆ ಒರಗಿಕೊಂಡು. ಹೀಗೆ ಎಲ್ಲ ಬಿಟ್ಟು ಮಲಗಿದ್ದನ್ನ ಇವತ್ತೇ ನೋಡಿದ್ದು. ಸಮುದ್ರ ಎಲ್ಲೂ ಓಡಿಹೋಗಲ್ಲ. ನೀವು ಹೋಗ್ಬಿಡ್ತೀರಿ ಅನ್ನಿಸ್ತು, ಎದ್ರೆ."

ಬೋಗಿ ಖಾಲಿಯಾಗಿತ್ತು. ಅವಳು ಕೆನ್ನೆಯ ಗೆರೆಯನ್ನು ಬೆರಳಿನಿಂದ ಸವರಿಕೊಂಡಳು.

"ಎಲ್ಲಿಗೆ ಹೋಗ್ಲಿ ನಾನು? ಹೋಗೋದು ನೀವು, ಒಂದನೇ ತಾರೀಖು."

"ಅದಕ್ಕೇ." ಅವನ ಕಿವಿ ಕೆಂಪಾಯಿತು. "ನಾನಿರೋದು ಎರಡು ರೂಮಿನ ಮನೆ. ನಿಮ್ಮಮ್ಮನಿಗೆ ಒಂದು ಆಗತ್ತೆ. ಸಂಜೆ ನಾನು ದಣಿದು ಬರ್ತೀನಿ, ನೀವೂ ದಣಿದು ಬರ್ತೀರಿ. ಮಾತಾಡೋಕೆ ಆಗದಿದ್ರೂ ಪರವಾಗಿಲ್ಲ. ಇದೇ ಭುಜ ಇದೆ. ನನ್ನನ್ನ ಮದ್ವೆ ಆಗ್ತೀರಾ?"

"ಇದನ್ನ ಹೇಳೋಕೆ ನನ್ನನ್ನ ಸಮುದ್ರದವರೆಗೆ ಹೊತ್ಕೊಂಡು ಹೋಗಿ ಬರ್ಬೇಕಿತ್ತಾ ನೀನು?"

ಆ 'ನೀನು' ಬಾಯಿಂದ ಜಾರಿದ್ದು ಅವಳಿಗೇ ತಡವಾಗಿ ಗೊತ್ತಾಯಿತು. ಅವನಿಗೆ ಆಗಲೇ ಗೊತ್ತಾಗಿತ್ತು.

ಅಷ್ಟರಲ್ಲಿ ಪೊರಕೆ ಹಿಡಿದ ಹೆಂಗಸೊಬ್ಬಳು ಬೋಗಿ ಹತ್ತಿದಳು. "ಇಳೀತೀರೋ ಇಲ್ವೋ? ಇದು ಒಂದೂಕಾಲಿಗೆ ಮತ್ತೆ ಅಲ್ಲಿಗೇ ಹೋಗತ್ತೆ."

ಅವನು ಚೀಲಕ್ಕೆ ಕೈಹಾಕಿದ. ಅವಳು ಚೀಲವನ್ನು ಸೀಟಿನ ಕೆಳಗೆ ಕಾಲಿನಿಂದ ತಳ್ಳಿ, ಅವನನ್ನು ಕಿಟಕಿ ಬದಿಗೆ ಸರಿಸಿ, ತಾನು ನೆಟ್ಟಗೆ ಕೂತಳು.

"ಈ ಸಲ ಮಲಗೋ ಸರದಿ ನಿಂದು" ಅಂದಳು. "ಎಬ್ಬಿಸ್ತೀನೋ ಇಲ್ವೋ, ಅಲ್ಲಿ ಹೋದ್ಮೇಲೆ ಯೋಚನೆ ಮಾಡ್ತೀನಿ."