ಡಂಗುರದ ಬೈಲಪ್ಪ ಮಾರಿದ ಮೂರು ಚಿತ್ರ

ಆನೆಗಳಿಗೂ ರೆಕ್ಕೆಯಿದ್ದ ಕಾಲ. ಸಂಪಿಗೆಕೋಟೆ ಅನ್ನುವ ರಾಜ್ಯದಲ್ಲಿ ಬೈಲಪ್ಪ ಅಂತ ಒಬ್ಬ ಡಂಗುರ ಸಾರುವವನಿದ್ದ. ಅವನ ಬಾಯಿಗೆ ಬಿದ್ದರೆ ಹುಣಿಸೆಬೀಜವೂ ಮಾಣಿಕ್ಯ! ಆ ರಾಜ್ಯದಲ್ಲೊಂದು ಕಟ್ಟಳೆಯಿತ್ತು: ಡಂಗುರ ಬಡಿದು ಕೊಟ್ಟ ಮಾತಿಗೆ ತಪ್ಪುವ ಹಾಗಿಲ್ಲ. ಸುಳ್ಳು ಸಾರಿ ಮಾರಿದರೆ, ವಸ್ತುವಿನ ಜೊತೆ ಅದನ್ನು ಮಾಡಿದವರ ಜೀವದ ಒಂದು ಪಾಲೂ ಕೊಂಡವನಿಗೆ ಹೋಗುತ್ತದೆ. ಸಾರಿದವನೇ ಊರ ಮುಂದೆ ಸುಳ್ಳು ಒಪ್ಪಿಕೊಂಡರೆ ಮಾತ್ರ ಅದು ವಾಪಸು. ಯಾವ ಡಂಗುರದವನು ಒಪ್ಪಿಕೊಂಡಾನು ಹೇಳಿ! ಬೈಲಪ್ಪನಿಗೆ ಎಲ್ಲ ಗೊತ್ತಿತ್ತು. ಆದರೆ ಹೊಗಳಿದ್ದು ಸುಳ್ಳು ಹೇಗಾದೀತು ಅಂತ ಅವನು ತಿಳಿದಿದ್ದ.

ಅವನಿಗೆ ತಾಯಿಯಿಲ್ಲದ ಏಳು ವರ್ಷದ ಮಗಳು, ನಿಂಗಿ. ಇದ್ದಿಲು, ಅರಿಶಿನ, ಏನು ಸಿಕ್ಕರೂ ಬಟ್ಟೆ ಚೂರಿನ ಮೇಲೆ ಗೀಚುತ್ತಿದ್ದಳು. ಒಂದು ದಿನ ಮಾಯಾವಿ ಧೂಮಾಂಗ, ಹಾವಿನ ಹೆಡೆಯ ಕುದುರೆಯೇರಿ ಬಂದ.

"ಈ ಮಗುವಿನ ಮೂರು ಚಿತ್ರ ಬೇಕು. ವರ್ಣಿಸಿ ಮಾರುತ್ತೀಯಾ?"

ಬೈಲಪ್ಪ ಹಿಗ್ಗಿ ಹೀರೇಕಾಯಿಯಾಗಿ ಡಂಗುರ ಬಡಿದು ಮಾತು ಕೊಟ್ಟ.

ಮೊದಲ ಚಿತ್ರ ಒಂದು ದುಂಡನೆಯ ಗೆರೆ, ಅದಕ್ಕೊಂದು ಬಾಲ. "ಕೇಳ್ರಪ್ಪೋ ಕೇಳಿ! ಇದು ಬ್ರಹ್ಮಾಂಡದ ಮೌನ! ಈ ಬಾಲ ಇದೆಯಲ್ಲ, ಅದೇ ಕಾಲಪ್ರವಾಹ! ಕಲಾವಿದೆಯ ಹಲ್ಲುದುರುವ ಘಟ್ಟದ ಮೇರುಕೃತಿ!" ಅರ್ಥವಾಗದಿದ್ದರೂ ಜನ ತಲೆದೂಗಿದರು. ಚಿತ್ರ ಧೂಮಾಂಗನ ಕೈ ಸೇರಿತು, ಬೈಲಪ್ಪನಿಗೆ ರೇಷ್ಮೆ ರುಮಾಲು ಸಿಕ್ಕಿತು. ಅವತ್ತಿನಿಂದ ನಿಂಗಿ ನಗುವುದನ್ನೇ ಮರೆತಳು. ಜ್ವರವಿರಬೇಕು ಅಂತ ಅಪ್ಪ ಕಷಾಯ ಕುಡಿಸಿದ.

ಎರಡನೆಯದು ಅರಿಶಿನದ ಹದಿನಾರು ಚುಕ್ಕೆ. "ಕೇಳ್ರಪ್ಪೋ ಕೇಳಿ! ಇದು ಮಾನವಕುಲದ ಒಂಟಿತನ! ಚುಕ್ಕೆ ನೋಡಬೇಡಿ, ಖಾಲಿ ಜಾಗ ನೋಡಿ. ಗುಟ್ಟೆಲ್ಲ ಅಲ್ಲೇ ಇದೆ!" ಈ ಸಲ ಬೆಳ್ಳಿ ಕಟ್ಟಿನ ಡಂಗುರ ಬಂತು. ನಿಂಗಿಯ ನಿದ್ದೆ ಹೋಯಿತು. ಅವಳ ಬೆರಳುಗಳು ಆಚೆಗಿನ ಗೋಡೆ ಕಾಣುವಷ್ಟು ತೆಳ್ಳಗಾದವು.

ಬೈಲಪ್ಪನಿಗೆ ಆಗ ಕಟ್ಟಳೆ ನೆನಪಾಯಿತು. ಅಯ್ಯೋ, ಮೂರನೆಯದೂ ಹೋದರೆ ಮಗಳೇ ಇಲ್ಲ! ಕೊಡುವುದಿಲ್ಲ ಅನ್ನೋಣವೆಂದರೆ ಮಾತು ಕೊಟ್ಟಾಗಿದೆ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬಾಗಿಲಿಗೆ ಹೋದ, ಒಲೆಯ ಹತ್ತಿರ ಬಂದ, ರುಮಾಲು ಬಿಚ್ಚಿದ, ಸುತ್ತಿದ, ಮತ್ತೆ ಬಿಚ್ಚಿದ. ಅಷ್ಟರಲ್ಲಿ ಹೊರಗೆ ಕುದುರೆ ಬುಸುಗುಟ್ಟಿತು.

ಮೂರನೆಯ ಚಿತ್ರದಲ್ಲಿ ಒಂದು ದೊಡ್ಡ ಕಪ್ಪು ಗುಂಡಿ, ಸುತ್ತ ಒಂದು ಗೆರೆ. ಏನಂತ ಸಾರಲಿ? ಯಾವತ್ತೂ ಒಣಗದ ಬಾಯಿ ಅವತ್ತು ಒಣಗಿತು. ಬೈಲಪ್ಪ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇದು ಏನವ್ವಾ?"

"ನೀನೇ ಅಪ್ಪ. ಇದು ನಿನ್ನ ಬಾಯಿ."

"ಕಿವಿ ಎಲ್ಲಿ ಮಗಾ?"

"ಬರೆದಿಲ್ಲ. ನೀನು ಯಾವತ್ತೂ ನನ್ನ ಮಾತು ಕೇಳಲ್ಲವಲ್ಲ."

ಬೈಲಪ್ಪ ಗಳಗಳನೆ ಅತ್ತುಬಿಟ್ಟ. "ಮೊದಲಿನವೆರಡು?"

"ನೆಗಡಿಯಾದ ಇಲಿ. ಆಮೇಲೆ, ಅವ್ವ ಒಣಗಲು ಹಾಕಿದ್ದ ಕುಂಬಳಬೀಜ."

ಬೈಲಪ್ಪ ತನ್ನ ಹಳೆಯ ಡಂಗುರ ಎತ್ತಿಕೊಂಡು ಹೊರಬಂದ. "ಕೇಳ್ರಪ್ಪೋ ಕೇಳಿ! ಇದು ಬೈಲಪ್ಪ. ಬಾಯಿ ಉಂಟು, ಕಿವಿ ಇಲ್ಲ. ಬ್ರಹ್ಮಾಂಡ ಅಂದೆನಲ್ಲ, ಅದು ನೆಗಡಿಯಾದ ಇಲಿ. ಮಾನವಕುಲ ಅಂದದ್ದು ನನ್ನ ಹೆಂಡತಿಯ ಕುಂಬಳಬೀಜ. ನಾನು ಸಾರಿದ್ದೆಲ್ಲ ಸುಳ್ಳು! ತಗೋ ಮಾಯಾವಿ, ಕೊಟ್ಟ ಮಾತಿನಂತೆ ಮೂರನೆಯ ಚಿತ್ರ!"

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಳ್ಳಿಲ್ಲದ ಚಿತ್ರ ಕೈಗೆ ಬಿದ್ದದ್ದೇ ತಡ, ಕಂಡವರ ಜೀವದ ಪಾಲಿನಿಂದಲೇ ಬದುಕಿದ್ದ ಧೂಮಾಂಗ ಕಾಲಿನಿಂದ ತಲೆಯವರೆಗೆ ಹೊಗೆಯಾಗಿ ಹಾರಿಹೋದ. ಕುದುರೆಯ ಹೆಡೆ ಕಳಚಿಬಿತ್ತು, ಅದು ಪಾಪ ಹುಲ್ಲು ಮೇಯಲು ಹೊರಟಿತು. ಒಳಗಿನಿಂದ ಕಿಲಕಿಲ ನಗು ಕೇಳಿಸಿತು. ಬೈಲಪ್ಪ ಓಡಿಹೋಗಿ ನೋಡಿದರೆ, ನಿಂಗಿ ನಗುತ್ತಾ ನಗುತ್ತಾ ಹೊಸ್ತಿಲ ಮೇಲೆಯೇ ನಿದ್ದೆಹೋಗಿದ್ದಳು. ಬೆರಳು ಹತ್ತೂ ಗುಂಡುಗುಂಡಗೆ ಇದ್ದವು.

ಆಮೇಲೆ ಸಂಪಿಗೆಕೋಟೆಯವರೆಲ್ಲ ಸುಖವಾಗಿದ್ದರು. ರೇಷ್ಮೆ ರುಮಾಲು ಹರಿದು ನಿಂಗಿಯ ಚಿತ್ರಗಳಿಗಾಯಿತು. ನಿದ್ದೆಯಿಂದ ಎದ್ದವಳು ಮೊದಲು ಮಾಯಾವಿಯ ಕೈಯಿಂದ ಬೀದಿಗೆ ಬಿದ್ದಿದ್ದ ಆ ಮೂರನೆಯ ಚಿತ್ರ ಹುಡುಕಿ ತಂದು, ಅಪ್ಪನಿಗೆ ಮೊರದಗಲ ಎರಡು ಕಿವಿ ಬರೆದಳು.