ಬಾಯಿ ಬಿಟ್ಟರೆ ಒಂಟೆ

ಬಹಳ ಬಹಳ ಹಿಂದೆ, ಮರಳಿಗೂ ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಳಲಪುರ ಎಂಬ ಒಂದು ರಾಜ್ಯವಿತ್ತು. ಊರಿನ ಮುಂದೆ ನದಿ, ಹಿಂದೆ ಒಣಗಡಲು. ಒಣಗಡಲು ಎಂದರೆ ನೀರಿಲ್ಲದ ಕಡಲು. ಕಣ್ಣು ಹಾಯಿಸಿದಷ್ಟು ದೂರವೂ ಬರೀ ಮರಳು. ಆ ರಾಜ್ಯದಲ್ಲಿ ಎಲ್ಲವೂ ಇತ್ತು, ಉಪ್ಪೊಂದು ಬಿಟ್ಟು. ಗುಡಿಸಲಿನ ಸಾರೂ ಸಪ್ಪೆ, ಅರಮನೆಯ ಸಾರೂ ಸಪ್ಪೆ. ಅಲ್ಲಿ ಬಡವ ಬಲ್ಲಿದರೆಂಬ ಭೇದ ಇಲ್ಲದೆ ಇದ್ದದ್ದು ಅದೊಂದೇ ವಿಷಯದಲ್ಲಿ.

ಒಣಗಡಲಿನ ಆಚೆ ಏನಿದೆ ಎಂದು ನೋಡಿಬರಲು ಈಗಿನ ರಾಜನ ಮುತ್ತಜ್ಜ ತನ್ನ ಸೇನಾಪತಿಯನ್ನು ಕಳಿಸಿದ್ದ. ಅವನು ತಿಂಗಳುಗಟ್ಟಲೆ ನಡೆದು, ದೂರದಲ್ಲಿ ದೊಡ್ಡ ಕೋಟೆಯೊಂದನ್ನು ಕಂಡು, ಯುದ್ಧಕ್ಕೆ ಕಹಳೆ ಊದಿಸಿದ. ಹತ್ತಿರ ಹೋಗಿ ನೋಡಿದರೆ ಅದು ಮಳಲಪುರದ್ದೇ ಹಿಂಬಾಗಿಲು. ಆಮೇಲೆ ರಾಜನ ಅಜ್ಜ ಒಬ್ಬ ಜ್ಯೋತಿಷಿಯನ್ನು ಕಳಿಸಿದ. ಅವನು ನಕ್ಷತ್ರ ನೋಡುತ್ತಾ ನಡೆದು ಬಾವಿಗೆ ಬಿದ್ದ. ಆದರೆ ಅಲ್ಲೊಂದು ಬಾವಿಯಿದೆ ಎಂದು ಗೊತ್ತಾದದ್ದು ಅವನಿಂದಲೇ. ಕೊನೆಗೆ ದಾರಿ ಕಂಡುಹಿಡಿದದ್ದು ತಪ್ಪಿಸಿಕೊಂಡು ಹೋದ ಅಗಸರ ಕತ್ತೆ. ಅದು ಮರಳು ದಾಟಿ ಹೋಗಿ, ಮೈಯೆಲ್ಲ ಉಪ್ಪು ಮೆತ್ತಿಕೊಂಡು ವಾಪಸು ಬಂತು. ಅದರ ಹೆಜ್ಜೆ ಹಿಡಿದು ಹೋದ ಜನಕ್ಕೆ ಉಪ್ಪಿನ ಬೆಟ್ಟಗಳ ನಾಡು ಸಿಕ್ಕಿತು. ಸೀರೆ ಅತ್ತ ಹೋಯಿತು, ಉಪ್ಪು ಇತ್ತ ಬಂತು. ಅರಮನೆಯ ಮುಂದೆ ಕತ್ತೆಯ ಕಲ್ಲಿನ ಮೂರ್ತಿ ನಿಲ್ಲಿಸಿದರು. ಸೇನಾಪತಿಯ ಮೊಮ್ಮಕ್ಕಳು ಇದಕ್ಕೆ ತಕರಾರು ತೆಗೆದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಸೊಲ್ಲುಬಾಕ ಎಂಬ ಮಾಂತ್ರಿಕ ಎಲ್ಲಿಂದಲೋ ಬಂದು ಒಣಗಡಲಿನ ನಟ್ಟನಡುವೆ ಠಿಕಾಣಿ ಹೂಡಿದ. ಆಚೆಯಿಂದ ಬರುವ ಉಪ್ಪನ್ನೆಲ್ಲ ತಾನೇ ಹಿಡಿದಿಟ್ಟುಕೊಂಡು ಮೂಕವ್ಯಾಪಾರ ಶುರುಮಾಡಿದ. ಮೂಕವ್ಯಾಪಾರ ಎಂದರೆ, ಬಂದವರು ತಮ್ಮ ಸರಕನ್ನು ಬಯಲಲ್ಲಿಟ್ಟು ದೂರ ಸರಿಯಬೇಕು. ಮಾಂತ್ರಿಕ ದಿಬ್ಬದ ಹಿಂದಿನಿಂದ ಬಂದು, ಅದರ ಪಕ್ಕ ಉಪ್ಪು ಸುರಿದು ಮರೆಯಾಗುತ್ತಾನೆ. ಒಪ್ಪಿಗೆಯಾದರೆ ಉಪ್ಪು ಎತ್ತಿಕೊಳ್ಳಬೇಕು, ಆಗದಿದ್ದರೆ ಸರಕು ಎತ್ತಿಕೊಳ್ಳಬೇಕು. ಆ ಬಯಲಲ್ಲಿ ಯಾರೇ ಆಗಲಿ ಒಂದು ಮಾತಾಡಿದರೂ ನಿಂತಲ್ಲೇ ಒಂಟೆಯಾಗುತ್ತಾರೆ, ಹಾಗೆಂದು ಅವನು ಮಂತ್ರ ಹಾಕಿಟ್ಟಿದ್ದ.

ಬೇರೆ ಊರಿನವರಾಗಿದ್ದರೆ ಇದೇನು ದೊಡ್ಡ ಕಷ್ಟವಲ್ಲ. ಆದರೆ ಮಳಲಪುರದವರು ಚೌಕಾಸಿ ಮಾಡದೆ ಮಜ್ಜಿಗೆಯನ್ನೂ ಕುಡಿಯದ ಜನ. ವೈದ್ಯರು ಮೂರು ಹೊತ್ತು ಕಷಾಯ ಕುಡಿಯಿರಿ ಎಂದರೆ, "ಎರಡು ಹೊತ್ತಿಗೆ ಮಾಡಿಕೊಡಿ ಸ್ವಾಮಿ" ಎನ್ನುವವರು. ಅಂಥವರು ಒಂದು ಮೂಟೆ ಸೀರೆಯ ಪಕ್ಕ ಒಂದು ಬೊಗಸೆ ಉಪ್ಪು ಕಂಡು "ಇಷ್ಟೇನಾ?" ಎನ್ನದೆ ಇರುತ್ತಾರೆಯೇ? ಅಂದರು, ಒಂಟೆಯಾದರು. ಹಲ್ಲುನೋವಿನಿಂದ ದವಡೆ ಊದಿಕೊಂಡಿದ್ದ ಬಸಲಿಂಗನೊಬ್ಬ ಮಾತ್ರ ಕೊಟ್ಟಷ್ಟು ಉಪ್ಪು ಎತ್ತಿಕೊಂಡು ವಾಪಸು ಬಂದು, ಕೈಸನ್ನೆಯಲ್ಲಿ ನಡೆದದ್ದನ್ನು ತಿಳಿಸಿದ. ರಾಜ ಮೌನವ್ರತದ ಸನ್ಯಾಸಿಯೊಬ್ಬರನ್ನು ಕಳಿಸಿ ನೋಡಿದ. ಅವರೂ ಉಪ್ಪು ನೋಡಿ "ಇಷ್ಟೇನಾ?" ಅಂದುಬಿಟ್ಟರು. ಎಷ್ಟಾದರೂ ಅವರು ಹುಟ್ಟಿದ್ದು ಮಳಲಪುರದಲ್ಲೇ.

ಹಾಗೆ ಒಂಟೆಯಾದವರಲ್ಲಿ ಸೀರೆ ವ್ಯಾಪಾರಿ ಕೆಂಚಪ್ಪನೂ ಒಬ್ಬ. ಅವನ ಹೆಂಡತಿ ಬೆಳ್ಳವ್ವ. ಅವಳು ಸಂತೆಗೆ ಬರುವುದು ಕಂಡರೆ ಅಂಗಡಿಯವರು ಮೊದಲು ಬೆಲೆ ಇಳಿಸಿ ಆಮೇಲೆ ನಮಸ್ಕಾರ ಹಾಕುತ್ತಿದ್ದರು. ಒಂದು ವರ್ಷ ಗಂಡನ ದಾರಿ ಕಾದು ಕಾದು, ಒಂದು ದಿನ ಅವಳು ರಾಜನ ಮುಂದೆ ಹೋಗಿ ನಿಂತಳು.

"ಬುದ್ಧಿ, ನಾನು ಹೋಗ್ತೀನಿ."

ರಾಜನಿಗೆ ಗಾಬರಿಯಾಯಿತು. "ನೀನಾ ತಾಯಿ? ನೀನು ಬಾಯಿ ಮುಚ್ಚಿಕೊಂಡಿದ್ದನ್ನ ನಿನ್ನ ಹೆತ್ತವಳೂ ನೋಡಿಲ್ಲವಲ್ಲ."

"ನನಗೆ ನನ್ನ ಗಂಡ ಬೇಕು ಬುದ್ಧಿ. ಅವರಿಲ್ಲದ ಮನೇಲಿ ಯಾರ ಜೊತೆ ಜಗಳ ಆಡಲಿ?" ಎಂದು ಬೆಳ್ಳವ್ವ ಅಲ್ಲೇ ಅತ್ತುಬಿಟ್ಟಳು. ರಾಜನ ಕರುಳು ಚುರುಕ್ ಎಂದಿತು. ಮೂರ್ತಿಯ ವಂಶದ ಕತ್ತೆಯೊಂದನ್ನು ಕೊಟ್ಟು ಕಳಿಸಿದ. ಬೆಳ್ಳವ್ವ ಅದರ ಮೇಲೆ ಸೀರೆ ಹೇರಿಕೊಂಡು ಹೊರಟಳು.

ಹೋದಳು, ಹೋದಳು, ಜ್ಯೋತಿಷಿ ಬಿದ್ದ ಬಾವಿ ಸಿಕ್ಕಿತು. ಬಾವಿಕಟ್ಟೆಯ ಮೇಲೆ ಏಳು ಹೆಡೆಯ ಹಾವು ಸುತ್ತಿಕೊಂಡಿತ್ತು.

"ಒಂದು ಕೊಡ ನೀರಿಗೆ ನಿನ್ನ ಒಂದು ಕಣ್ಣು," ಎಂದಿತು ನಡುವಿನ ಹೆಡೆ.

ಬೆಳ್ಳವ್ವ ಅದರ ಜೊತೆ ಮಾತಿಗೇ ಇಳಿಯಲಿಲ್ಲ. ಪಕ್ಕದ ಹೆಡೆಯ ಹತ್ತಿರ ಹೋಗಿ, "ನಿಮ್ಮಲ್ಲಿ ಹೇಗೆ ಕೊಡ್ತೀರಪ್ಪ?" ಎಂದಳು. ಆ ಹೆಡೆಯನ್ನು ಇದುವರೆಗೆ ಯಾರೂ ಮಾತಾಡಿಸಿರಲಿಲ್ಲ. ಅದು ಉಬ್ಬಿಹೋಗಿ, "ಒಂದು ಕಿವಿ ಸಾಕು," ಎಂದಿತು. ಮೂರನೆಯದು ಕಿರುಬೆರಳಿಗೆ ಇಳಿಯಿತು, ನಾಲ್ಕನೆಯದು ಉಗುರಿಗೆ. ಕೊನೆಯ ಹೆಡೆ ಎಲ್ಲಕ್ಕಿಂತ ಚಿಕ್ಕದು, ಅದರದ್ದು ಹುಟ್ಟಿದಂದಿನಿಂದ ಒಂದು ವ್ಯಾಪಾರವೂ ಆಗಿರಲಿಲ್ಲ. "ಒಂದು ಕೂದಲು ಕೊಡಮ್ಮ, ಬೋಣಿ ಆಗಲಿ," ಎಂದಿತು. ಬೆಳ್ಳವ್ವ ನರೆತ ಕೂದಲೊಂದನ್ನು ಕಿತ್ತು ಕೊಟ್ಟು, ಕೊಡದ ಜೊತೆಗೆ ಕತ್ತೆಯ ಹೊಟ್ಟೆಯನ್ನೂ ತುಂಬಿಸಿಕೊಂಡು ಹೊರಟಳು. ಹಿಂದೆ ಹೆಡೆಗಳು ಒಂದನ್ನೊಂದು ಕಚ್ಚಾಡುವ ಸದ್ದು ಬಹಳ ದೂರದವರೆಗೂ ಕೇಳುತ್ತಿತ್ತು.

ಹೋದಳು, ಹೋದಳು, ಸುಂಟರಗಾಳಿಯ ಭೂತ ಎದುರಾಯಿತು.

"ನಿನ್ನ ಆಯಸ್ಸಿನಲ್ಲಿ ಏಳು ವರ್ಷ ಕೊಡು. ಇಲ್ಲದಿದ್ದರೆ ದಾರಿ ಅಳಿಸಿಹಾಕ್ತೀನಿ."

"ಏಳು ಯಾರು ಕೊಡ್ತಾರೆ? ಒಂದು ಕೊಡ್ತೀನಿ. ಯಾವ ವರ್ಷ ಅನ್ನೋದನ್ನ ಮಾತ್ರ ನಾನೇ ಆರಿಸ್ತೀನಿ."

ಭೂತ ಗೊಣಗಿತು, ಮರಳು ಎರಚಿತು, ಆರಕ್ಕೆ ಬಂತು, ಐದಕ್ಕೆ ಬಂತು, ಬೆಳ್ಳವ್ವ ಒಂದರಿಂದ ಅಲುಗಲಿಲ್ಲ. ಕೊನೆಗೆ ಒಪ್ಪಿತು.

"ಹಾಗಾದ್ರೆ ಹೋದ ವರ್ಷ ತಗೊ," ಎಂದಳು.

ಭೂತ ಆ ವರ್ಷವನ್ನು ಗಬಕ್ಕನೆ ನುಂಗಿತು. ಬೆಳ್ಳವ್ವ ಒಬ್ಬಳೇ ಉಂಡ ಊಟಗಳು, ಮರೆತು ಹಾಸಿ ಮತ್ತೆ ಸುತ್ತಿಟ್ಟ ಇನ್ನೊಂದು ಚಾಪೆ, ಬಾಗಿಲು ಸದ್ದಾದಾಗಲೆಲ್ಲ ಎದ್ದು ಓಡಿದ್ದು, ಎಲ್ಲ ಅದರೊಳಗಿದ್ದವು. ಭೂತ ದೊಪ್ಪೆಂದು ಕುಳಿತುಬಿಟ್ಟಿತು. ಗಾಳಿ ನಿಂತಿತು. "ಅಯ್ಯೋ ಕೆಂಚಪ್ಪ, ನನ್ನನ್ನ ಬಿಟ್ಟು ಎಲ್ಲಿ ಹೋದೆಯಪ್ಪ," ಎಂದು ಬಿಕ್ಕಿ ಬಿಕ್ಕಿ ಅಳತೊಡಗಿತು.

"ಸುಮ್ನಿರಪ್ಪ, ಕರ್ಕೊಂಡು ಬರೋದಕ್ಕೇ ಹೊರಟಿದೀನಿ," ಎಂದು ಬೆಳ್ಳವ್ವ ಸಮಾಧಾನ ಮಾಡಿ, ಕಣ್ಣೊರೆಸಿಕೊಳ್ಳಲು ಒಂದು ಸೀರೆ ಕೊಟ್ಟಳು. ಅವಳು ಜನ್ಮದಲ್ಲಿ ಪುಕ್ಕಟೆಯಾಗಿ ಕೊಟ್ಟ ಸೀರೆ ಅದೊಂದೇ.

ಹೋದಳು, ಹೋದಳು, ಸೊಲ್ಲುಬಾಕನ ಬಯಲು ಬಂತು. ಒಂದು ಕಡೆ ಉಪ್ಪಿನ ಗುಡ್ಡ, ಇನ್ನೊಂದು ಕಡೆ ಒಂಟೆಗಳ ಹಿಂಡು. ಅವಳನ್ನು ಕಂಡದ್ದೇ ಒಂದು ಒಂಟೆ ಪಕ್ಕದ ಒಂಟೆಯ ಹಿಂದೆ ಮುಖ ಮರೆಸಿಕೊಂಡಿತು. ತಪ್ಪು ಮಾಡಿದಾಗ ಕೆಂಚಪ್ಪ ಹಾಗೆಯೇ ಮಾಡುವುದು. ಬೆಳ್ಳವ್ವನಿಗೆ ಬೈಯಬೇಕು ಎನಿಸಿತು, ಅಪ್ಪಿಕೊಳ್ಳಬೇಕು ಎನಿಸಿತು. ಸೆರಗಿನ ತುದಿ ಕಚ್ಚಿ ಹಿಡಿದಳು.

ಸೀರೆ ಹರಡಿ ದೂರ ಸರಿದಳು. ಸೊಲ್ಲುಬಾಕ ಬಂದು ಬೊಗಸೆ ಉಪ್ಪು ಸುರಿದು ಹೋದ. "ಇಷ್ಟೇನಾ" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬಿಸಿ ಮುದ್ದೆ ನುಂಗಿದ ಹಾಗೆ ಅದನ್ನು ನುಂಗಿದಳು. ಹೋಗಿ ಉಪ್ಪನ್ನು ಬೆರಳಲ್ಲಿ ಮುಟ್ಟಿ ನೆಕ್ಕಿ, ಮುಖ ಸಿಂಡರಿಸಿ, ಒಂದು ಸೀರೆ ವಾಪಸು ತೆಗೆದಳು. ಆಮೇಲೆ ಕೆಂಚಪ್ಪನ ಹಗ್ಗ ಹಿಡಿದು ತಂದು ಸೀರೆಗಳ ಪಕ್ಕ ನಿಲ್ಲಿಸಿದಳು. ಅವಳಿಗೆ ಬೇಕಾದದ್ದು ಉಪ್ಪಲ್ಲ, ಒಂಟೆ ಎಂದು ಮಾಂತ್ರಿಕನಿಗೆ ತಿಳಿಯಿತು. ಅವನು ಕೆಂಚಪ್ಪನನ್ನು ಎಳೆದುಕೊಂಡು ಹೋಗಿ ಒಂದು ಕುಂಟ ಒಂಟೆಯನ್ನು ತಂದು ನಿಲ್ಲಿಸಿದ. ಬೆಳ್ಳವ್ವ ಅದರ ಹಲ್ಲು ನೋಡಿ, ಬಾಲ ಎತ್ತಿ ನೋಡಿ, ಲೊಚಗುಟ್ಟಿ, ಇನ್ನೊಂದು ಸೀರೆ ತೆಗೆದಳು. ದಿಬ್ಬದ ಹಿಂದೆ ಸೊಲ್ಲುಬಾಕ ಹಲ್ಲು ಕಡಿಯುವುದು ಕೇಳಿಸಿತು. ಇಷ್ಟು ದಿನ, ಬಸಲಿಂಗನೊಬ್ಬನನ್ನು ಬಿಟ್ಟು, ಅವನಿಗೆ ಬಂದ ಗಿರಾಕಿಗಳೆಲ್ಲ ಮೊದಲನೆಯ ಬೊಗಸೆಗೇ ಒಂಟೆಯಾಗಿದ್ದರು. ಪಾಪ, ಚೌಕಾಸಿ ಎಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಅವನು ಕೆಂಚಪ್ಪನನ್ನೇ ಮತ್ತೆ ತಂದು ನಿಲ್ಲಿಸಿದ. ಆದರೆ ಸೀರೆ, ಕತ್ತೆ ಎರಡರ ಸುತ್ತಲೂ ಮರಳಲ್ಲಿ ಗೆರೆ ಎಳೆದು, ಅದರೊಳಗೆ ಕೈಬಳೆಯ ಚಿತ್ರವನ್ನೂ ಬರೆದ. ಇರುವುದೆಲ್ಲ ಬೇಕು ಎಂದರ್ಥ.

ಬೆಳ್ಳವ್ವ ಗೆರೆ ನೋಡಿದಳು. ಸೀರೆಗಳನ್ನು ಮಡಿಚಿ ಗಂಟು ಕಟ್ಟಿ ಕತ್ತೆಯ ಮೇಲೆ ಹೇರಿದಳು. ತಿರುಗಿ ಮನೆಯ ದಾರಿ ಹಿಡಿದು ಹೊರಟೇಬಿಟ್ಟಳು. ಹಿಂದೆ ಒಂಟೆಯೊಂದು ಸಣ್ಣಗೆ ನರಳಿತು. ಆದರೂ ಅವಳು ಹಿಂದೆ ನೋಡಲಿಲ್ಲ. ಬೇಡವಾದದ್ದನ್ನು ಬಿಟ್ಟು ಹೋಗುವ ಹೆಂಗಸಿನ ಹಾಗೆ, ಸೆರಗು ಸರಿಮಾಡಿಕೊಳ್ಳುತ್ತಾ, ಆತುರವಿಲ್ಲದೆ ನಡೆದಳು.

ಸೊಲ್ಲುಬಾಕ ನೋಡಿದ. ಸೀರೆಯೂ ಹೋಗುತ್ತಿದೆ, ಕತ್ತೆಯೂ ಹೋಗುತ್ತಿದೆ, ಮೊಟ್ಟಮೊದಲ ಬಾರಿಗೆ ಒಬ್ಬ ಗಿರಾಕಿ ಕೈಬಿಟ್ಟು ಹೋಗುತ್ತಿದ್ದಾಳೆ. ದಿಬ್ಬ ಹತ್ತಿ ಕೈಬೀಸಿ ಕೂಗಿದ.

"ಏ ತಾಯಿ, ಬಾ ಇಲ್ಲಿ. ಬೇಜಾರು ಯಾಕೆ? ನೀನು ಎಷ್ಟು ಕೊಡ್ತೀಯ ಹೇಳು, ನೋಡಿ ಹಾಕಿಕೊಡೋ—"

ಮಾತು ಮುಗಿಯುವಷ್ಟರಲ್ಲಿ ಅವನ ಕುತ್ತಿಗೆ ಉದ್ದವಾಯಿತು, ಬೆನ್ನು ಉಬ್ಬಿತು. ಮಂತ್ರ ಹಾಕುವಾಗ "ನನ್ನೊಬ್ಬನನ್ನು ಬಿಟ್ಟು" ಎಂದು ಸೇರಿಸುವುದನ್ನು ಮಹಾಶಯ ಮರೆತಿದ್ದ. ಅವನು ಒಂಟೆಯಾದದ್ದೇ ತಡ, ಮಂತ್ರದ ಕಟ್ಟು ಹರಿದು ಉಳಿದ ಒಂಟೆಗಳೆಲ್ಲ ಮನುಷ್ಯರಾದವು. ಆದ ಕೂಡಲೇ ಎಲ್ಲರೂ ಯಾರು ಎಷ್ಟು ಉಪ್ಪು ಹೊರಬೇಕೆಂದು ಚೌಕಾಸಿಗೆ ನಿಂತರು. ಸನ್ಯಾಸಿಗಳು ಮಾತ್ರ ತಲೆ ತಗ್ಗಿಸಿ ಮತ್ತೆ ಮೌನವ್ರತ ಹಿಡಿದರು. ಹೊರೆಯಲ್ಲಿ ಹೆಚ್ಚಿನ ಪಾಲು ಬಿದ್ದದ್ದು ಸೊಲ್ಲುಬಾಕನ ಬೆನ್ನಿಗೆ.

ಊರು ಕಾಣುವಷ್ಟು ಹತ್ತಿರ ಬಂದಾಗ ಕೆಂಚಪ್ಪ ಹೆಂಡತಿಯ ಪಕ್ಕ ಬಂದು ಮೆಲ್ಲಗೆ ಕೇಳಿದ. "ಅಲ್ಲ ಕಣೇ, ನೀನು ಹೊರಟೇಬಿಟ್ಟೆಯಲ್ಲ. ಅವನು ಕರೀದೇ ಇದ್ದಿದ್ರೆ?"

ಬೆಳ್ಳವ್ವ ಉಳಿದವರೆಲ್ಲ ಹಿಂದಿದ್ದಾರೆಯೇ ಎಂದು ತಿರುಗಿ ನೋಡಿದಳು.

"ನಾನೇ ವಾಪಸು ಬರ್ತಿದ್ದೆ. ಸೀರೆ, ಕತ್ತೆ, ಬಳೆ, ಅವನು ಕೇಳಿದ್ದನ್ನೆಲ್ಲ ಕೊಟ್ಟುಬಿಡ್ತಿದ್ದೆ. ಒಂದು ಚೂರೂ ಇಳಿಸ್ತಿರಲಿಲ್ಲ," ಎಂದಳು. "ಸಂತೇಲಿ ಯಾರಿಗೂ ಹೇಳಬೇಡಿ. ಆಮೇಲೆ ನನಗೆ ಯಾರೂ ಬೆಲೆ ಇಳಿಸಲ್ಲ."

ಕೆಂಚಪ್ಪ ಇರುವವರೆಗೂ ಅದನ್ನು ಯಾರಿಗೂ ಹೇಳಲಿಲ್ಲ. ಒಣಗಡಲಿನ ದಾರಿ ಮತ್ತೆ ತೆರೆಯಿತು, ಮಳಲಪುರದ ಸಾರಿಗೆ ಮತ್ತೆ ಉಪ್ಪು ಬಿತ್ತು. ಊರಿನವರೆಲ್ಲ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಮಾತಾಡಿಕೊಂಡು ಬಹುಕಾಲ ಸುಖವಾಗಿದ್ದರು. ಬೆಳ್ಳವ್ವನ ಮನೆಯಲ್ಲಿ ಎರಡು ಚಾಪೆಯೂ ಹಾಸಿಯೇ ಇದ್ದವು, ಜಗಳವೂ ನಡೆದೇ ಇತ್ತು.