ಮೀನಿಲ್ಲದ ನೀರಿನ ನಾಡಿ

ಗಾಜಿನ ತೊಟ್ಟಿಯ ಬಲಮೂಲೆಗೆ ಅಂಟಿಕೊಂಡಿದ್ದ ಜಲನಾಡಿ ಬೆಳಿಗ್ಗೆ ಆರೂವರೆಗೆ ಒಂದು ಗುಟುಕು ನೀರು ಹೀರಿಕೊಂಡಿತು. ಎರಡು ನಿಮಿಷ ಸುಮ್ಮನಿದ್ದು, ಆಮೇಲೆ ಕೆಂಪಗಾಯಿತು. ಹೆಬ್ಬೆರಳಿನಷ್ಟಗಲದ ಪರದೆಯ ಮೇಲೆ ಎಪ್ಪತ್ತೊಂದು ಎಂಬ ಅಂಕಿ ಮೂಡಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಸತತ ಎಂಟನೆಯ ದಿನ'.

ಕಸ್ತೂರಿ ಬಳಿಗಾರ ಅದನ್ನೇ ಕಾಯುತ್ತ ಐದು ಗಂಟೆಯಿಂದ ತೊಟ್ಟಿಯ ಮುಂದೆ ಸಣ್ಣ ಸ್ಟೂಲಿನ ಮೇಲೆ ಕುಳಿತಿದ್ದಳು. ಒಳಗೆ ಎಂಟು ನಿಯಾನ್ ಟೆಟ್ರಾ ಮೀನುಗಳು ನೀಲಿ ಗೆರೆ ಮಿಂಚಿಸುತ್ತ ಗುಂಪಾಗಿ ತಿರುಗುತ್ತಿದ್ದವು. ಕೆಳಗೆ ಮರಳಿನಲ್ಲಿ ಮೂರು ಕೊರಿಡೋರಸ್ ಮೀನುಗಳು ಮೀಸೆಯಿಂದ ಏನನ್ನೋ ಕೆದಕುತ್ತಿದ್ದವು. ನೋಡುವ ಕಣ್ಣಿಗೆ ಯಾವುದಕ್ಕೂ ಏನೂ ಆಗಿರಲಿಲ್ಲ. ಆದರೆ ಯಂತ್ರ ಹೇಳುತ್ತಿತ್ತು, ಇವೆಲ್ಲ ಭಯದಲ್ಲಿ ಬದುಕುತ್ತಿವೆ ಎಂದು.

ಜಲನಾಡಿ ಬಂದು ಮೂರು ವರ್ಷವಾಗಿತ್ತು. ಹುಬ್ಬಳ್ಳಿಯ ಮೀನು ಆರೋಗ್ಯ ಪ್ರಯೋಗಾಲಯದ ಡಾ. ತಬಸ್ಸುಮ್ ನದಾಫ್ ಅದನ್ನು ಕಂಡುಹಿಡಿದವಳು. ಮೀನು ಹೆದರಿದಾಗ, ನೋವುಂಡಾಗ ಅದರ ಮೈಯಲ್ಲಿ ಕಾರ್ಟಿಸಾಲ್ ಎಂಬ ಚೋದಕ ಉಕ್ಕಿ, ಕಿವಿರುಗಳ ಮೂಲಕ ನೀರಿಗೆ ಸೋರುತ್ತದೆ. ತಬಸ್ಸುಮ್ ಅದಕ್ಕೆ ಜನಕ್ಕೆ ತಿಳಿಯುವಂತೆ 'ದಿಗಿಲುರಸ' ಎಂದು ಹೆಸರಿಟ್ಟಿದ್ದಳು. ಒಂದು ಕೆರೆಗೆ ಒಂದು ಚಿಟಿಕೆ ಉಪ್ಪು ಬಿದ್ದರೂ ಗುರುತಿಸುವಷ್ಟು ಸೂಕ್ಷ್ಮವಾಗಿ ಆ ರಸವನ್ನು ಜಲನಾಡಿ ಅಳೆಯುತ್ತಿತ್ತು. ಮೂವತ್ತರವರೆಗೆ ಹಸಿರು, ಅರವತ್ತರವರೆಗೆ ಹಳದಿ, ಅದಕ್ಕೂ ಮೇಲೆ ಕೆಂಪು. ಬಾಯಿಲ್ಲದ ಜೀವಕ್ಕೆ ಬಾಯಿ ಬಂತು ಎಂದು ಜನ ಕೊಂಡಾಡಿದರು. ಮರುವರ್ಷವೇ ಸಾಕುಮೀನು ರಕ್ಷಣಾ ಕಾಯ್ದೆ ಬಂತು. ಪ್ರತಿ ತೊಟ್ಟಿಗೂ ಜಲನಾಡಿ ಕಡ್ಡಾಯ. ಸತತ ಹದಿನಾಲ್ಕು ದಿನ ಕೆಂಪಾಗಿದ್ದರೆ ರಕ್ಷಣಾ ಕೇಂದ್ರದವರು ಬಂದು ಮೀನುಗಳನ್ನು ಒಯ್ಯುತ್ತಾರೆ. ಸಾಕಿದವರ ಹೆಸರು 'ಕ್ರೌರ್ಯ ಪಟ್ಟಿ'ಗೆ ಸೇರುತ್ತದೆ.

ಕಸ್ತೂರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಲವತ್ತಾರು ವರ್ಷ. ಮೀನು ಸಾಕುವ ಹುಚ್ಚು ಅವಳಿಗೆಂದೂ ಇರಲಿಲ್ಲ. ಒಂದು ವರ್ಷದಿಂದ ನಿದ್ದೆ ಹತ್ತುತ್ತಿರಲಿಲ್ಲ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರರು ರಕ್ತದೊತ್ತಡಕ್ಕೆ ಗುಳಿಗೆ ಕೊಟ್ಟು, ಈ ವಯಸ್ಸಿನಲ್ಲಿ ಹೆಂಗಸರಿಗೆ ಇದೆಲ್ಲ ಸಹಜ, ಚಿಂತೆ ಬಿಡಿ, ಮನೆಯಲ್ಲೊಂದು ಮೀನಿನ ತೊಟ್ಟಿ ಇಟ್ಟುಕೊಂಡು ನೋಡುತ್ತ ಕೂಡಿ ಎಂದಿದ್ದರು. ಗಂಡ ಮಹಾಂತೇಶ ಚಾಲಕರಿಲ್ಲದ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್. ಅವನು ಅದೇ ವಾರ ಮೂರಡಿ ಉದ್ದದ ತೊಟ್ಟಿ ತಂದು ಇಳಿಸಿದ್ದ.

ಮೊದಲ ತಪ್ಪು ಅವಳದೇ. ತೊಟ್ಟಿಗೆ ನಲ್ಲಿ ನೀರು ತುಂಬಿಸಿ, ಸಂಜೆಯೇ ಹದಿನಾಲ್ಕು ಮೀನು ತಂದು ಬಿಟ್ಟಳು. ವಾರದೊಳಗೆ ಆರು ಸತ್ತವು. ಮೀನು ಮಾರಿದ ಅಂಗಡಿಯ ಪ್ರಹ್ಲಾದ ಆಗ ಅವಳನ್ನು ಕೂರಿಸಿಕೊಂಡು ಹೇಳಿದ: ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಅದನ್ನು ತಿಂದು ತೀರಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು. ಅದಕ್ಕೆ ಒಂದು ತಿಂಗಳಾದರೂ ಬೇಕು. ಹೊಸ ತೊಟ್ಟಿ ಎಂದರೆ ಹೊಸದಾಗಿ ಹೆಪ್ಪು ಹಾಕಿದ ಹಾಲಿದ್ದಂತೆ, ಅಲ್ಲಾಡಿಸಬಾರದು.

ಅಂದಿನಿಂದ ಅವಳು ಲೆಕ್ಕ ತಪ್ಪಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆದಳು. ಸ್ಪಂಜನ್ನು ನಲ್ಲಿಯಡಿ ತೊಳೆಯದೆ ತೊಟ್ಟಿಯದೇ ನೀರಿನಲ್ಲಿ ಹಿಂಡಿದಳು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿದಳು. ಎರಡು ತಿಂಗಳ ಮೇಲೆ, ಹೊಸ ಮೀನು ತಂದಾಗ ಚೀಲವನ್ನು ಅರ್ಧ ಗಂಟೆ ನೀರಿನ ಮೇಲೆ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಸರಿಹೊಂದಿದ ಮೇಲೆಯೇ ಒಳಗೆ ಬಿಟ್ಟಳು. ಅಮೋನಿಯ ಸೊನ್ನೆಗೆ ಬಂತು. ಮೀನು ಸಾಯುವುದು ನಿಂತಿತು. ಪ್ರಹ್ಲಾದನೇ ಮನೆಗೆ ಬಂದು ನೋಡಿ, ಇಷ್ಟು ಚೊಕ್ಕ ತೊಟ್ಟಿ ತನ್ನ ಅಂಗಡಿಯಲ್ಲೂ ಇಲ್ಲವೆಂದ.

ಆದರೂ ಜಲನಾಡಿ ಕೆಂಪಾಗುತ್ತಿತ್ತು. ಕೆಂಪಾದಾಗಲೆಲ್ಲ ಅವಳ ಎದೆಯಲ್ಲಿ ಕುಟ್ಟಾಣಿ ಕುಟ್ಟಿದಂತಾಗುತ್ತಿತ್ತು. ಏನೋ ತಪ್ಪಿದೆ ಎಂದು ರವಿಕೆಯ ತೋಳು ಮಡಚಿ ನೀರಿಗೆ ಕೈಹಾಕಿ ಕೊಳೆತ ಎಲೆ ತೆಗೆಯುವಳು, ಕಲ್ಲು ಸರಿಸುವಳು, ಗಾಜು ಒರೆಸುವಳು. ಮರುದಿನ ಅಂಕಿ ಇನ್ನೂ ಏರಿರುತ್ತಿತ್ತು. ಮಹಾಂತೇಶ ಬೇಸರವಿಲ್ಲದ ದನಿಯಲ್ಲೇ ಹೇಳುತ್ತಿದ್ದ, ಚಿಂತೆ ಬಿಡಲಿ ಎಂದು ತಂದದ್ದು, ಈಗ ಇದಕ್ಕೇ ಚಿಂತೆ ಮಾಡುತ್ತೀಯಲ್ಲ ಎಂದು. ಅವಳು ಮತ್ತೆ ಗಾಜು ಒರೆಸುತ್ತಿದ್ದಳು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಎಲ್ಲಿ ತಾಗಿತೆಂದೂ ಗೊತ್ತಾಗದೆ ಮುಂಗೈ ಮೇಲೆ ನೀಲಿ ಕಲೆಗಳೇಳುತ್ತಿದ್ದವು. ಮುಖ ಊದಿಕೊಂಡಿತ್ತು; ಶಾಲೆಯ ಮಕ್ಕಳು ಬೆನ್ನ ಹಿಂದೆ ನಗುತ್ತಾರೆಂದು ಅವಳಿಗೆ ಗುಮಾನಿ. ಇದೆಲ್ಲವೂ ತನ್ನ ಹೆದರುಪುಕ್ಕಲುತನದ ಫಲವೆಂದೇ ನಂಬಿದ್ದಳು.

ಎಂಟನೆಯ ದಿನ ಕಳೆದು ಒಂಬತ್ತನೆಯ ದಿನ ಗದಗಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹೋಗದೆ ವಿಧಿಯಿರಲಿಲ್ಲ. ಮೀನಿಗೆ ದಿನಕ್ಕೊಮ್ಮೆ ಒಂದು ಚಿಟಿಕೆ ಕಾಳು ಹಾಕು, ಬೇರೇನೂ ಮುಟ್ಟಬೇಡ ಎಂದು ಗಂಡನಿಗೆ ನಾಲ್ಕು ಸಲ ಹೇಳಿ ಹೊರಟಳು. ಮೂರು ದಿನ ಅಕ್ಷತೆಯ ನಡುವೆಯೂ ಊಟದ ಪಂಕ್ತಿಯಲ್ಲೂ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಕೆಂಪು ದೀಪ. ಫೋನಿನಲ್ಲಿ ಕೇಳುವ ಧೈರ್ಯವಾಗಲಿಲ್ಲ.

ಮರಳಿ ಬಂದು ಬಾಗಿಲು ತೆರೆದರೆ ಮೂಲೆಯಲ್ಲಿ ಹಸಿರು ಬೆಳಕು. ಅಂಕಿ ಹತ್ತೊಂಬತ್ತು.

"ನೀ ಹೋದ ಮರುದಿನಾನ ಹಳದಿ ಆತು," ಮಹಾಂತೇಶ ಖುಷಿಯಿಂದ ಹೇಳಿದ. "ಅದರ ಮರುದಿನ ಹಸಿರು. ನಾ ಏನೂ ಮಾಡಿಲ್ಲ. ನೀ ಹೇಳಿದಂಗ ಒಂದ ಚಿಟಿಕಿ ಕಾಳು, ಅಷ್ಟ."

ಅವನು ಸಂತೋಷಕ್ಕೆಂದು ಹೇಳಿದ ಮಾತು ಅವಳಿಗೆ ಮುಳ್ಳಿನಂತೆ ನಾಟಿತು. ಆ ಸಂಜೆ ಕೊಳೆತ ಎಲೆಯೊಂದನ್ನು ತೆಗೆಯಲು ಕೈಹಾಕಿದಳು. ಮರುಬೆಳಿಗ್ಗೆ ಹಳದಿ. ಮತ್ತೆರಡು ದಿನ ಕೈಹಾಕಿದ ಮೇಲೆ ಕೆಂಪು. ಗಣಿತ ಕಲಿಸುವವಳಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ಮೀನುಗಳಿಗೆ ನೀರಿನ ಭಯವಿಲ್ಲ, ಬೆಳಕಿನ ಭಯವಿಲ್ಲ. ಅವು ಹೆದರುತ್ತಿದ್ದದ್ದು ತನಗೆ.

ಎರಡು ದಿನ ಅವಳು ಆ ಕೋಣೆಗೇ ಹೋಗಲಿಲ್ಲ. ಮೂರನೆಯ ದಿನ ರಕ್ಷಣಾ ಕೇಂದ್ರಕ್ಕೆ ತಾನೇ ಫೋನ್ ಮಾಡಿದಳು. ಹದಿನಾಲ್ಕು ದಿನ ಕಾಯುವುದು ಬೇಡ, ಬಂದು ಒಯ್ದುಬಿಡಿ, ಪಟ್ಟಿಗೆ ಹೆಸರು ಬೇಕಾದರೆ ಬರೆದುಕೊಳ್ಳಿ ಎಂದಳು. ತಾನಾಗಿಯೇ ಮೀನು ಒಪ್ಪಿಸುವವರು ಆವರೆಗೆ ಯಾರೂ ಇರಲಿಲ್ಲ. ಕೇಂದ್ರದವರು ಆ ತೊಟ್ಟಿಯ ದಾಖಲೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಸ್ವತಃ ತಬಸ್ಸುಮ್.

ಮೂವತ್ತೈದರ ಹೆಣ್ಣುಮಗಳು, ಹೆಗಲಿಗೊಂದು ಚೀಲ. ಚಹಾ ಬೇಡವೆನ್ನದೆ ಕುಡಿದಳು. ತೊಟ್ಟಿಯ ಮುಂದೆ ಮುಕ್ಕಾಲು ಗಂಟೆ ಕುಳಿತು ಮೀನಿನ ಉಸಿರು ಎಣಿಸಿದಳು, ರೆಕ್ಕೆ ನೋಡಿದಳು, ಕಾಳು ಹಾಕಿ ನೋಡಿದಳು. ಅವಳ ಹುಬ್ಬು ಗಂಟಿಕ್ಕುತ್ತ ಹೋದದ್ದನ್ನು ಕಂಡು ಕಸ್ತೂರಿಯ ಅಂಗೈ ಬೆವೆತಿತು.

"ಅಕ್ಕಾರ, ಇವು ಅಂಜಿಲ್ಲ," ತಬಸ್ಸುಮ್ ಕೊನೆಗೆ ಹೇಳಿದಳು. "ಅಂಜಿದ ಮೀನ ಹಿಂಗ ತಿನ್ನೂದಿಲ್ಲ. ನನ್ನ ಯಂತ್ರ ಒಂದ ಹೇಳತೈತಿ, ಮೀನ ಒಂದ ಹೇಳತಾವ. ಇಷ್ಟ ದಿನ ನಾ ಯಂತ್ರಾನ ನಂಬಿದ್ದೆ."

ಆಮೇಲೆ ಅವಳು ಮೂರು ಬಕೆಟ್ ಕೇಳಿದಳು. ಮೂರಕ್ಕೂ ಶುದ್ಧ ನೀರು ತುಂಬಿಸಿ, ಚೀಲದಿಂದ ಮೂರು ಹೊಸ ಜಲನಾಡಿ ತೆಗೆದು ಒಂದೊಂದಕ್ಕೆ ಅಂಟಿಸಿದಳು. ಮೂರೂ ಸೊನ್ನೆ ತೋರಿಸಿದವು. ಒಂದರಲ್ಲಿ ತಾನು ಮೊಣಕೈವರೆಗೆ ಕೈ ಮುಳುಗಿಸಿದಳು, ಇನ್ನೊಂದರಲ್ಲಿ ಮಹಾಂತೇಶನಿಗೆ ಮುಳುಗಿಸಲು ಹೇಳಿದಳು, ಮೂರನೆಯದು ಕಸ್ತೂರಿಗೆ. ಹತ್ತು ನಿಮಿಷ ಮೂವರೂ ನಡುಮನೆಯ ನೆಲದ ಮೇಲೆ ಹಾಗೆ ಕುಳಿತರು.

ತಬಸ್ಸುಮ್‌ಳ ಬಕೆಟ್ಟು ನಾಲ್ಕು ಎಂದಿತು. ಮಹಾಂತೇಶನದು ಆರು. ಕಸ್ತೂರಿಯ ಬಕೆಟ್ಟು ಹಳದಿಯಾಗಿ, ಕೆಂಪಾಗಿ, ಎಂಬತ್ತಮೂರರಲ್ಲಿ ನಿಂತಿತು.

ಕಸ್ತೂರಿ ಕೈ ಹೊರಗೆಳೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಕದ್ದು ಸಿಕ್ಕಿಬಿದ್ದವಳಂತೆ ಅವಳ ಮುಖ ಬಿಳಿಚಿತ್ತು.

"ಈ ಬಕೆಟ್ನ್ಯಾಗ ಮೀನಿಲ್ಲ ಅಕ್ಕಾರ," ತಬಸ್ಸುಮ್ ಮೆಲ್ಲಗೆ ಅಂದಳು.

ಆಮೇಲೆ ಅವಳು ವಿವರಿಸಿದಳು. ಮೀನಿನ ಮೈಯಲ್ಲೂ ಮನುಷ್ಯರ ಮೈಯಲ್ಲೂ ಹುಟ್ಟುವ ದಿಗಿಲುರಸ ಒಂದೇ, ಅಣುವಿಗೆ ಅಣು ಒಂದೇ. ಬೆವರಿನಲ್ಲಿ ಅದು ಎಲ್ಲರಿಗೂ ಇರುತ್ತದೆ, ಆದರೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಪ್ರಯೋಗಾಲಯದಲ್ಲಿ ಎಲ್ಲರೂ ಕೈಗವಸು ಹಾಕಿಕೊಂಡೇ ನೀರಿಗಿಳಿಯುತ್ತಿದ್ದುದರಿಂದ ಈ ಮಾತು ಯಾರ ತಲೆಗೂ ಬಂದಿರಲಿಲ್ಲ.

"ಹಂಗಾರ ಇದೆಲ್ಲಾ ನನ್ನ ಚಿಂತಿಯಿಂದನ ಆದದ್ದೇನ್ರಿ?" ಕಸ್ತೂರಿ ತಲೆ ತಗ್ಗಿಸಿ ಕೇಳಿದಳು.

"ಅಲ್ರಿ. ನಾನೂ ಚಿಂತಿ ಮಾಡಾಕಿನ. ಇಲ್ಲಿಗೆ ಬರೂಮುಂದ ನನಗ ಎಷ್ಟ ಅಂಜಿಕಿ ಇತ್ತು ಅನ್ನೂದು ನನಗ ಗೊತ್ತು. ಆದರೂ ನಂದು ನಾಲ್ಕ ಬಂತು. ಚಿಂತಿಯಿಂದ ಎಂಬತ್ತಮೂರು ಬರೂದಿಲ್ಲ." ತಬಸ್ಸುಮ್‌ಳ ಕಣ್ಣು ಈಗ ಕಸ್ತೂರಿಯ ಮುಂಗೈಯ ನೀಲಿ ಕಲೆಗಳ ಮೇಲಿತ್ತು. "ನಾ ಮೀನಿನ ಡಾಕ್ಟರ್. ಮನಷ್ಯಾರ ವಿಷಯ ಹೇಳೂವಷ್ಟು ನನಗ ತಿಳಿಯೂದಿಲ್ಲ. ಆದರ ತಡಾ ಮಾಡಬ್ಯಾಡ್ರಿ. ನಾಳೆನ ಈ ಅಂಕಿ ತಗೊಂಡ ದವಾಖಾನಿಗೆ ಹೋಗ್ರಿ. ನಿಮ್ಮ ಮೈಯಾಗ ಈ ರಸ ಯಾಕ ಇಷ್ಟ ಹುಟ್ಟತೈತಿ ಅಂತ ಕೇಳ್ರಿ."

ದವಾಖಾನೆಯ ಮೊದಲ ಡಾಕ್ಟರ್ ಮೀನಿನ ಯಂತ್ರದ ಅಂಕಿಗೆ ನಕ್ಕರು. ಮಹಾಂತೇಶ ಅಲ್ಲಿಂದ ಏಳಲಿಲ್ಲ. ರಕ್ತ ಪರೀಕ್ಷೆ ಬರೆದುಕೊಡದೆ ಹೋಗುವುದಿಲ್ಲ ಎಂದು ಕುರ್ಚಿ ಹಿಡಿದು ಕುಳಿತ. ರಕ್ತ ಪರೀಕ್ಷೆ ಬಂದ ಮೇಲೆ ನಗು ನಿಂತಿತು. ಹೊಟ್ಟೆಯ ಚಿತ್ರ ತೆಗೆದಾಗ ಎಡ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಕಂಡಿತು. ಹಗಲಿರುಳು ದಿಗಿಲುರಸ ಸುರಿಸುತ್ತಿದ್ದದ್ದು ಅದೇ. ಮೂಳೆ ಸವೆಸಿ, ನಿದ್ದೆ ಕದ್ದು, ಒತ್ತಡ ಏರಿಸಿ, ಕಾರಣವಿಲ್ಲದ ಹೆದರಿಕೆಯನ್ನು ಅದೇ ಅವಳೊಳಗೆ ಕೂರಿಸಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದು ಶಸ್ತ್ರಚಿಕಿತ್ಸಕರು ಹೇಳಿದರು.

ಗಡ್ಡೆ ತೆಗೆದರು. ಚೇತರಿಕೆ ಸುಲಭವಾಗಿರಲಿಲ್ಲ. ಇಷ್ಟು ದಿನ ಮಿತಿಮೀರಿ ಹರಿದ ರಸ ಒಮ್ಮೆಲೇ ನಿಂತು, ಹಾಸಿಗೆಯಿಂದ ಏಳಲೂ ತ್ರಾಣವಿಲ್ಲದೆ ಅವಳು ತಿಂಗಳುಗಟ್ಟಲೆ ಗುಳಿಗೆಯ ಬಲದಲ್ಲಿ ಬದುಕಿದಳು. ಆದರೆ ಒಂದು ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದಳು. ಇಷ್ಟು ಹೊತ್ತು ತಾನು ಯಾವುದಕ್ಕೂ ಹೆದರದೆ ಮಲಗಿದ್ದೆನಲ್ಲ ಎಂದು ಹೊಳೆದಾಗ ಅವಳಿಗೆ ಅಳು ಬಂತು.

ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ ಅವಳು ತಬಸ್ಸುಮ್‌ಳನ್ನು ಕಾಣಲು ಪ್ರಯೋಗಾಲಯಕ್ಕೆ ಹೋದಳು. ಆ ಹೊತ್ತಿಗೆ ತಬಸ್ಸುಮ್‌ಳ ಮುಖದಲ್ಲಿ ನಿದ್ದೆಗೆಟ್ಟ ಕಳೆಯಿತ್ತು. ಮೇಜಿನ ಮೇಲೆ ಕ್ರೌರ್ಯ ಪಟ್ಟಿ ಬಿದ್ದಿತ್ತು. ಕಾಯ್ದೆ ಬಂದ ಮೇಲೆ ಮೀನು ಕಳೆದುಕೊಂಡ ಇನ್ನೂರ ಹನ್ನೆರಡು ಮನೆಗಳು. ಬಹುಪಾಲು ಜನ ನಿಜಕ್ಕೂ ಕೊಳಕು ನೀರಿನಲ್ಲಿ ಮೀನು ಇಟ್ಟವರೇ. ಆದರೆ ಮೂವತ್ತೊಂದು ತೊಟ್ಟಿಗಳಲ್ಲಿ ನೀರು ಚೊಕ್ಕವಾಗಿತ್ತು, ಮೀನು ಗಟ್ಟಿಯಾಗಿದ್ದವು, ದೀಪ ಮಾತ್ರ ಕೆಂಪಾಗಿತ್ತು. ಅವರ ಮೀನುಗಳನ್ನು ಒಯ್ದರು, ಹೆಸರು ಬರೆದುಕೊಂಡರು. ಅವರ ಕೈಯನ್ನು ಯಾರೂ ನೋಡಲಿಲ್ಲ. ಫೋನ್ ಮಾಡಿದರೆ ಅವರಲ್ಲಿ ಒಬ್ಬರೂ ತನ್ನೊಡನೆ ಮಾತಾಡುತ್ತಿಲ್ಲ ಎಂದಳು ತಬಸ್ಸುಮ್. ಕಸ್ತೂರಿ ತಾನೂ ಬರುತ್ತೇನೆಂದಳು.

ಮೊದಲ ಮನೆ ರಾಣೆಬೆನ್ನೂರಿನಲ್ಲಿ. ಧರಣೇಂದ್ರ ಉಪಾಧ್ಯೆ ಎಂಬ ಐವತ್ತೆಂಟರ ಫೋಟೋಗ್ರಾಫರ್. ಬಾಗಿಲು ಅರ್ಧ ತೆರೆದವನು ತಬಸ್ಸುಮ್‌ಳ ಕೈಯಲ್ಲಿದ್ದ ಜಲನಾಡಿಯನ್ನು ಕಂಡು ಬಾಗಿಲನ್ನು ಅಲ್ಲೇ ತಡೆಹಿಡಿದ.

"ಮೀನ ಒಯ್ದು ಎರಡ ವರ್ಷ ಆತು. ಈಗ ಏನ ಒಯ್ಯಾಕ ಬಂದೀರಿ?"

ತಬಸ್ಸುಮ್ ಒಂದು ಹೆಜ್ಜೆ ಹಿಂದೆ ಸರಿದಳು. ಕಸ್ತೂರಿ ಮುಂದೆ ಬಂದು, ತಾನೂ ಆ ಪಟ್ಟಿಗೆ ಬೀಳಬೇಕಾದವಳೆಂದು ಹೇಳಿದಳು. ಹೊಸ್ತಿಲಲ್ಲಿ ನಿಂತೇ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ಅವನ ದುಂಡಗೆ ಊದಿದ ಮುಖವನ್ನೂ ಸಣಕಲು ತೋಳನ್ನೂ ಅವಳು ಆಗಲೇ ನೋಡಿದ್ದಳು. ಅವನು ದಾರಿ ಬಿಟ್ಟು, ತಾನೇ ಹಿತ್ತಲಿನಿಂದ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಎದುರಿಗೆ ಕುಳಿತು ಕೈ ಮುಳುಗಿಸಿದ.

ಹತ್ತು ನಿಮಿಷ ಕಳೆಯಿತು. ಎಪ್ಪತ್ತಾರು.

ಇದು ರೋಗ, ಇದಕ್ಕೆ ಮದ್ದಿದೆ, ಇಂದೇ ಆಸ್ಪತ್ರೆಗೆ ಹೋಗೋಣ ಎಂದು ತಬಸ್ಸುಮ್ ಅವಸರದಲ್ಲಿ ಹೇಳತೊಡಗಿದಳು. ಧರಣೇಂದ್ರ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನೀರಿನಿಂದ ಕೈ ತೆಗೆಯದೆ ಕಸ್ತೂರಿಯತ್ತ ತಿರುಗಿದ.

"ಹಂಗಾರ ನನ್ನ ಮೀನಕ್ಕ ನನ್ನ ಕಂಡ್ರ ಅಂಜಿಕಿ ಇರಲಿಲ್ಲ?"

"ಇರಲಿಲ್ರಿ," ಎಂದಳು ಕಸ್ತೂರಿ.

ಅವನು ತಲೆಯಾಡಿಸಿದ. ಎರಡು ವರ್ಷ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಂತೆ ಅವನ ಹೆಗಲು ಇಳಿಯಿತು. ಆಮೇಲೆ ಎದ್ದು, ಕೈ ಒರೆಸಿಕೊಂಡು, ಆಸ್ಪತ್ರೆಗೆ ಹೋಗಲು ಅಂಗಿ ಬದಲಿಸಿ ಬರುತ್ತೇನೆಂದು ಒಳಗೆ ಹೋದ.